ಮಳೆಗಾಲದ ಬೆಳಿಗ್ಗೆ ತಾನೇ ರೀಸ್ಟಾರ್ಟ್ ಆಗುವ ಕಂಪ್ಯೂಟರ್: ಮದರ್‌ಬೋರ್ಡ್ ಬದಲಿಸುವ ಮೊದಲು

ಪ್ರಶ್ನೆ: ಕಾರವಾರದಲ್ಲಿ ಕಡಲಿಗೆ ಅರ್ಧ ಕಿಲೋಮೀಟರ್ ದೂರದಲ್ಲಿ ನಮ್ಮ ಡಿಟಿಪಿ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇದೆ. ಕಂಪ್ಯೂಟರ್ ಇಂಟೆಲ್ ಐ5-10400, ಎಚ್410 ಮದರ್‌ಬೋರ್ಡ್. ಮೊದಲು 8 ಜಿಬಿ ರ‍್ಯಾಮ್ ಇತ್ತು, ಹೋದ ವರ್ಷ ಬೇರೆ ಕಂಪನಿಯ ಇನ್ನೊಂದು 8 ಜಿಬಿ ಹಾಕಿಸಿದೆವು. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಕ್ಯಾಬಿನೆಟ್ ಜೊತೆಗೇ ಬಂದ 450 ವ್ಯಾಟ್‌ನದು. ಮಳೆ ಹಿಡಿದ ಮೇಲೆ ತೊಂದರೆ ಶುರು. ಬೆಳಿಗ್ಗೆ ಅಂಗಡಿ ತೆರೆದು ಆನ್ ಮಾಡಿದ ಅರ್ಧ ಗಂಟೆಯೊಳಗೆ ಎರಡು ಮೂರು ಸಲ ವಿಂಡೋಸ್ ನಿಂತು ದೋಷ ತೋರಿಸುವ ನೀಲಿ ಪರದೆ ಬರುತ್ತದೆ, ಪ್ರತಿಸಲ ಬೇರೆ ಬೇರೆ ಬರಹ. ಮಧ್ಯಾಹ್ನದ ಮೇಲೆ ಸರಿ ಇರುತ್ತದೆ. ಆದರೆ ಲೇಸರ್ ಪ್ರಿಂಟರಿಗೆ ಪ್ರಿಂಟ್ ಕೊಟ್ಟಾಗ ಕೆಲವೊಮ್ಮೆ ಪಟ್ ಎಂದು ರೀಸ್ಟಾರ್ಟ್ ಆಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಆಗಾಗ ಜುಮ್ಮೆನ್ನುತ್ತದೆ. ಮೂರು ಸಲ ಫಾರ್ಮ್ಯಾಟ್ ಮಾಡಿಸಿದ್ದಾಯಿತು. ಈಗ ಮದರ್‌ಬೋರ್ಡ್ ಹೋಗಿದೆ ಎನ್ನುತ್ತಿದ್ದಾರೆ. ಬದಲಿಸುವುದೇ?

ಉತ್ತರ: ಸದ್ಯಕ್ಕೆ ಮದರ್‌ಬೋರ್ಡ್ ಬದಲಿಸಬೇಡಿ. ನಾಲ್ಕನೇ ಫಾರ್ಮ್ಯಾಟ್ ಕೂಡ ಬೇಡ. ಬೆಳಗಿನ ತಂಪಿನಲ್ಲಿ ಮಾತ್ರ ನೀಲಿ ಪರದೆ, ಪ್ರಿಂಟ್ ಕೊಟ್ಟಾಗ ರೀಸ್ಟಾರ್ಟ್, ಮುಟ್ಟಿದರೆ ಜುಮ್ಮೆನ್ನುವುದು ಎಂದು ನೀವು ಬರೆದ ಮೂರೂ ಒಂದೇ ರೋಗದ ಲಕ್ಷಣಗಳಲ್ಲ. ನಿಮ್ಮ ಯಂತ್ರದಲ್ಲಿ ಒಂದಕ್ಕಿಂತ ಹೆಚ್ಚು ದೋಷ ಇರುವ ಸಂಭವವೇ ಜಾಸ್ತಿ. ಇಷ್ಟು ದಿನ ರಿಪೇರಿ ಫಲಿಸದೇ ಇರುವುದಕ್ಕೂ ಅದೇ ಕಾರಣವಿರಬಹುದು: ಒಂದು ದೋಷ ಹೋದರೂ ಇನ್ನೊಂದು ಉಳಿದಿದ್ದರೆ ಏನೂ ಸರಿಯಾಗಿಲ್ಲ ಎಂದೇ ಕಾಣುತ್ತದೆ.

ಮೊದಲು ಗಿರಾಕಿಗಳ ಫೈಲುಗಳನ್ನೂ ನಿಮ್ಮ ಲೆಕ್ಕಪತ್ರವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿಡಿ. ಮಧ್ಯಾಹ್ನ, ಯಂತ್ರ ಸರಿಯಿರುವ ಹೊತ್ತಿನಲ್ಲಿ ಮಾಡಿ. ರ‍್ಯಾಮ್ ಕೆಟ್ಟಿದ್ದರೆ ನಕಲಿನಲ್ಲೂ ತಪ್ಪು ನುಸುಳಬಹುದು. ಆದ್ದರಿಂದ ಮುಖ್ಯವಾದ ನಾಲ್ಕಾರು ಫೈಲುಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಎರಡನೆಯದು, ಒಂದು ನೋಟ್‌ಬುಕ್. ಪ್ರತಿ ಸಲ ನಿಂತಾಗ ಗಂಟೆ, ಆನ್ ಮಾಡಿ ಎಷ್ಟು ಹೊತ್ತಾಗಿತ್ತು, ಏನು ಕೆಲಸ ನಡೆದಿತ್ತು, ಕರೆಂಟ್ ಹೋಗಿ ಬಂತೇ, ಹೊರಗೆ ಮಳೆಯೇ ಬಿಸಿಲೇ, ಇಷ್ಟನ್ನು ಬರೆಯಿರಿ. ಹತ್ತು ದಿನದ ಬರಹ ಸಾಕು. ಇದರ ಜೊತೆಗೆ ವಿಂಡೋಸ್ ಬರೆದಿಟ್ಟ ದಾಖಲೆಯನ್ನೂ ನೋಡಬೇಕು. ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಪುಟದಲ್ಲಿ ‘ಸ್ಟಾರ್ಟಪ್ ಆ್ಯಂಡ್ ರಿಕವರಿ’ಗೆ ಹೋಗಿ ‘ಆಟೊಮ್ಯಾಟಿಕಲಿ ರೀಸ್ಟಾರ್ಟ್’ ಎಂಬಲ್ಲಿ ಟಿಕ್ ತೆಗೆಯಿರಿ. ಆಗ ನೀಲಿ ಪರದೆ ಓಡಿಹೋಗದೆ ನಿಲ್ಲುತ್ತದೆ, ಮೊಬೈಲಿನಲ್ಲಿ ಫೋಟೊ ತೆಗೆಯಬಹುದು. ಅದಕ್ಕಿಂತ ಮುಖ್ಯ ಲಾಭ ಇನ್ನೊಂದಿದೆ: ಟಿಕ್ ತೆಗೆದ ಮೇಲೂ ಯಂತ್ರ ಪಟ್ ಎಂದು ರೀಸ್ಟಾರ್ಟ್ ಆದರೆ ಅದು ವಿಂಡೋಸಿನ ಕೆಲಸವಲ್ಲ, ವಿದ್ಯುತ್ತಿನ ಕಡೆಯ ತೊಂದರೆ ಎಂದು ಬಹುಮಟ್ಟಿಗೆ ಹೇಳಬಹುದು.

ವಿಂಡೋಸಿನ ಈ ದಾಖಲೆ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ ‘ವಿಂಡೋಸ್ ಲಾಗ್ಸ್’, ಅದರೊಳಗೆ ‘ಸಿಸ್ಟಮ್’ ತೆರೆದರೆ ಕರ್ನಲ್-ಪವರ್ 41 ಎಂಬ ಕೆಂಪು ನಮೂದು ಸಾಲಾಗಿ ಸಿಗುತ್ತದೆ. ಇದನ್ನು ತೋರಿಸಿ ‘ಪವರ್ ಪ್ರಾಬ್ಲಂ’ ಎನ್ನುವವರಿದ್ದಾರೆ. ಅದು ತಪ್ಪು ಓದು. ‘ಹಿಂದಿನ ಸಲ ಸರಿಯಾಗಿ ಮುಚ್ಚದೆ ಆರಿತು’ ಎಂಬುದಷ್ಟೇ 41ರ ಅರ್ಥ. ಹ್ಯಾಂಗ್ ಆದಾಗ ನೀವೇ ಪವರ್ ಬಟನ್ ಒತ್ತಿ ಹಿಡಿದು ಆರಿಸಿದರೂ ಇದೇ ಬರುತ್ತದೆ. ನೋಡಬೇಕಾದದ್ದು ಅದರ ‘ಡೀಟೇಲ್ಸ್’ ಪುಟದ ‘ಬಗ್‌ಚೆಕ್‌ಕೋಡ್’. ಅಲ್ಲಿ 0 ಇದ್ದರೆ ನೀಲಿ ಪರದೆಯೇ ಬರದೆ ನಿಂತಿದೆ: ಕರೆಂಟು, ಎಸ್‌ಎಂಪಿಎಸ್ ಅಥವಾ ಪೂರ್ತಿ ಹ್ಯಾಂಗ್. ಬೇರೆ ಸಂಖ್ಯೆ ಇದ್ದರೆ ನೀಲಿ ಪರದೆ ಬಂದಿತ್ತು. 26 ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 80 ಎಂದರೆ ಪೇಜ್ ಫಾಲ್ಟ್, 292 ಎಂದರೆ ಪ್ರೊಸೆಸರ್ ತಾನೇ ವರದಿ ಮಾಡಿದ ಹಾರ್ಡ್‌ವೇರ್ ದೋಷ. ಪ್ರತಿಸಲ ಅದೇ ಸಂಖ್ಯೆ, ಅದೇ ಡ್ರೈವರ್ ಹೆಸರು ಬಂದರೆ ಸಾಫ್ಟ್‌ವೇರ್ ಮೇಲೆ ಸಂಶಯ ಪಡಬಹುದು. ನಿಮಗೆ ಬರುವ ಹಾಗೆ ದಿನಕ್ಕೊಂದು ಬರಹ ಬಂದರೆ ರ‍್ಯಾಮ್ ಇಲ್ಲವೇ ಅದಕ್ಕೆ ಸಿಗುವ ವೋಲ್ಟೇಜ್ ಮೊದಲ ಅನುಮಾನ. ತಪ್ಪಾದ ಬಿಟ್ ಯಾವ ಪ್ರೋಗ್ರಾಮಿನ ಪಾಲಿಗೆ ಬಂತೋ ಆ ಪ್ರೋಗ್ರಾಮು ಬೀಳುತ್ತದೆ, ಹಾಗಾಗಿ ಬರಹವೂ ಬದಲಾಗುತ್ತದೆ.

ಈಗ ಆ ಜುಮ್ಮೆನ್ನುವ ವಿಷಯ. ಇದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳದಿದ್ದುದು ನಿಜಕ್ಕೂ ಬೇಸರ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದೊಂದು ಚಿಕ್ಕ ಕೆಪಾಸಿಟರ್ ಇರುತ್ತದೆ, ವಿದ್ಯುತ್ ಗದ್ದಲವನ್ನು ನೆಲಕ್ಕೆ ಸಾಗಿಸಲು. ಅರ್ಥ್ ಇಲ್ಲದಿದ್ದರೆ ಇವೆರಡರ ನಡುವಿನ ಬಿಂದು, ಅಂದರೆ ನಿಮ್ಮ ಕ್ಯಾಬಿನೆಟ್, 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟಿನಲ್ಲಿ ತೇಲುತ್ತದೆ. ಹರಿಯುವ ಕರೆಂಟ್ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆಯಾದ್ದರಿಂದ ಜುಮ್ಮೆನ್ನುತ್ತದೆ, ಅಷ್ಟೇ. ಆದರೆ ಒಳಗೆ ನಿಜವಾದ ಸೋರಿಕೆ ಆದ ದಿನ ಕಾಯಲು ಅರ್ಥ್ ಇರುವುದಿಲ್ಲ. ಅದೇ ಹೊತ್ತಿಗೆ ಪ್ರಿಂಟರಿನ ಯುಎಸ್‌ಬಿ ಕೇಬಲ್ ಎರಡು ಯಂತ್ರಗಳ ಮೈಯನ್ನು ಜೋಡಿಸಿರುವುದರಿಂದ ಈ ಸೋರಿಕೆ ಆ ತೆಳು ಕೇಬಲ್ ಮೂಲಕ ಓಡಾಡುತ್ತದೆ; ಹ್ಯಾಂಗ್ ಆಗಲು, ಯುಎಸ್‌ಬಿ ಪೋರ್ಟ್ ಕೆಡಲು ಇದು ಕಾರಣವಾಗಬಹುದು.

ಅಳೆಯುವುದು ಹೀಗೆ. ಮಲ್ಟಿಮೀಟರನ್ನು ಎಸಿ 750 ವೋಲ್ಟ್ ರೇಂಜಿನಲ್ಲಿಟ್ಟು, ಕಂಪ್ಯೂಟರ್ ಚುಚ್ಚುವ ಅದೇ ಎಕ್ಸ್‌ಟೆನ್ಷನ್ ಬೋರ್ಡಿನ ಇನ್ನೊಂದು ಸಾಕೆಟ್ಟಿನಲ್ಲಿ ನೋಡಿ. ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ಥ್ ಹೆಚ್ಚುಕಡಿಮೆ ಒಂದೇ ಬರಬೇಕು. ನ್ಯೂಟ್ರಲ್-ಅರ್ಥ್ 2–3 ವೋಲ್ಟಿನೊಳಗೆ ಇರಬೇಕು. 5 ದಾಟಿದರೆ ಎಲೆಕ್ಟ್ರಿಷಿಯನ್ ಕರೆಸಿ. ಮುಖ್ಯ ವಿದ್ಯುತ್ತಿಗೆ ಪ್ರೋಬ್ ಚುಚ್ಚಿ ಅಭ್ಯಾಸವಿಲ್ಲದಿದ್ದರೆ ಈ ಅಳತೆಯನ್ನೂ ಅವರಿಂದಲೇ ಮಾಡಿಸಿ. ಕಾರಣ ಬಹುಮಟ್ಟಿಗೆ ಮೂರರಲ್ಲಿ ಒಂದು: ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡೇ ಎಳೆಯ ವೈರ್ ಹಾಕಿರುತ್ತಾರೆ, ಅಥವಾ ಇನ್‌ವರ್ಟರ್ ಲೈನಿಗೆ ಫೇಸ್ ನ್ಯೂಟ್ರಲ್ ಎಳೆದು ಅರ್ಥ್ ಬಿಟ್ಟಿರುತ್ತಾರೆ, ಇಲ್ಲವೇ ನೆಲದಲ್ಲಿ ತೋಡಿದ ಅರ್ಥ್ ಗುಂಡಿಯೇ ಸತ್ತಿರುತ್ತದೆ. ನಮ್ಮ ಚೀರೆಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ಥಿಂಗ್ ಕೆಡುವುದು ಗೊತ್ತಿರುವ ಸಂಗತಿ. ಆದರೆ ಮಳೆಗಾಲದಲ್ಲಿ, ನೆಲ ಪೂರ್ತಿ ನೆನೆದಾಗಲೂ ಜುಮ್ಮೆಂದರೆ ಗುಂಡಿಗಿಂತ ಮೊದಲು ವೈರನ್ನು, ಉಪ್ಪುಗಾಳಿಗೆ ತುಕ್ಕು ತಿಂದ ಅರ್ಥ್ ಕ್ಲಾಂಪನ್ನು ನೋಡಿಸಿ.

ಪ್ರಿಂಟ್ ಕೊಟ್ಟಾಗ ರೀಸ್ಟಾರ್ಟ್ ಆಗುವುದಕ್ಕೆ ಕಾರಣ ಲೇಸರ್ ಪ್ರಿಂಟರಿನ ಒಳಗಿನ ಹೀಟರ್. ಶಾಯಿಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಆ ಹೀಟರ್ ಕೆಲವು ಸೆಕೆಂಡಿಗೊಮ್ಮೆ ನೂರಾರು ವ್ಯಾಟ್ ಎಳೆಯುತ್ತದೆ, ಬಿಡುತ್ತದೆ. ಪ್ರಿಂಟರೂ ಕಂಪ್ಯೂಟರೂ ಒಂದೇ ಬೋರ್ಡಿನಲ್ಲಿದ್ದು, ಆ ಬೋರ್ಡಿನ ಪ್ಲಗ್ ಸಡಿಲವಿದ್ದರೆ ಪ್ರತಿ ಎಳೆತಕ್ಕೂ ವೋಲ್ಟೇಜ್ ಕುಸಿಯುತ್ತದೆ. ಇಪ್ಪತ್ತು ಪುಟ ಪ್ರಿಂಟ್ ಕೊಟ್ಟು ಮೀಟರ್ ನೋಡಿ. 230ರಲ್ಲಿದ್ದದ್ದು 200ರ ಕೆಳಗೆ ಇಳಿದರೆ, ಅಥವಾ ಟ್ಯೂಬ್‌ಲೈಟ್ ಕಣ್ಣು ಮಿಟುಕಿಸಿದರೆ ವೈರಿಂಗ್ ಸಡಿಲವಿದೆ. ಲೇಸರ್ ಪ್ರಿಂಟರನ್ನು ಇವತ್ತೇ ಬೇರೆ ಗೋಡೆ ಸಾಕೆಟ್ಟಿಗೆ, ಇನ್‌ವರ್ಟರ್ ಇಲ್ಲದ ಲೈನಿಗೆ ಹಾಕಿ. ಖರ್ಚಿಲ್ಲದ ಕೆಲಸ ಇದು.

ಇನ್‌ವರ್ಟರ್ ಇದ್ದರೆ ಅದರ ಹಿಂಬದಿಯ ಚಿಕ್ಕ ಸ್ವಿಚ್ಚನ್ನೂ ನೋಡಿ. ಮನೆ ಇನ್‌ವರ್ಟರುಗಳಲ್ಲಿ ಹೆಚ್ಚಿನವಕ್ಕೆ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೊ’ ಎಂಬ ಎರಡು ಸ್ಥಿತಿ ಇರುತ್ತವೆ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರಿನಲ್ಲಿ ಉಳಿದ ಶಕ್ತಿಯಿಂದ ಸುಮಾರು 16 ಮಿಲಿಸೆಕೆಂಡ್ ಉಸಿರು ಹಿಡಿಯಬಲ್ಲದು. ಅದೂ ಒಳ್ಳೆಯದಾದರೆ, ಹೊಸದಾದರೆ. ಯುಪಿಎಸ್ ಸ್ಥಿತಿಯಲ್ಲಿ ಇನ್‌ವರ್ಟರ್ ಸುಮಾರು 10 ಮಿಲಿಸೆಕೆಂಡಿನಲ್ಲಿ ಬ್ಯಾಟರಿಗೆ ಬದಲಾಗುತ್ತದೆ, ಇನ್ನೊಂದರಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ತಿನ್ನುತ್ತದೆ. ಮಳೆಗಾಲದಲ್ಲಿ ಮರದ ಕೊಂಬೆ ತಂತಿಗೆ ತಾಗಿ ಕರೆಂಟ್ ಕ್ಷಣಮಾತ್ರ ಹೋಗಿ ಬರುವಾಗ ದೀಪಕ್ಕೆ ಗೊತ್ತಾಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿ.

ಇಷ್ಟು ಮಾಡಿಯೂ ರೀಸ್ಟಾರ್ಟ್ ನಿಲ್ಲದಿದ್ದರೆ ಎಸ್‌ಎಂಪಿಎಸ್. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವವುಗಳ ಮೇಲಿನ ‘450 ವ್ಯಾಟ್’ ಅಕ್ಷರವನ್ನು ನಂಬಬೇಡಿ. ಸ್ಟಿಕ್ಕರಿನಲ್ಲಿ +12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ನೋಡಿ 12ರಿಂದ ಗುಣಿಸಿ. ಈಗಿನ ಯಂತ್ರಗಳಿಗೆ ಬೇಕಾದದ್ದು ಆ ಸಂಖ್ಯೆ. ನಿಮ್ಮ ಐ5-10400 ಹೆಸರಿಗೆ 65 ವ್ಯಾಟಿನದಾದರೂ ಕೆಲಸ ಶುರುವಾದ ಮೊದಲ ಅರ್ಧ ನಿಮಿಷ 134 ವ್ಯಾಟ್‌ವರೆಗೆ ಎಳೆಯಲು ಇಂಟೆಲ್ ಅವಕಾಶ ಕೊಟ್ಟಿದೆ. ಎಚ್410 ಬೋರ್ಡುಗಳಲ್ಲಿ ಕೆಲವು ಇದಕ್ಕಿಂತ ಕಡಿಮೆಗೆ ಕಟ್ಟಿಹಾಕುತ್ತವೆ, ಕೆಲವು ಬಿಡುತ್ತವೆ. ಹಾಗಾಗಿ ದೊಡ್ಡ ಫೈಲ್ ತೆರೆಯುವ, ಪಿಡಿಎಫ್ ಮಾಡುವ ಮೊದಲ ಕ್ಷಣದಲ್ಲೇ ಯಂತ್ರ ಬಿದ್ದರೆ ಎಸ್‌ಎಂಪಿಎಸ್ ಮೇಲೆ ಸಂಶಯ ಬಲವಾಗುತ್ತದೆ.

ಮೀಟರಿನಲ್ಲಿ ನೋಡುವುದಾದರೆ ಡಿಸಿ 20 ವೋಲ್ಟ್ ರೇಂಜಿನಲ್ಲಿಟ್ಟು, ಖಾಲಿ ಇರುವ ನಾಲ್ಕು ಪಿನ್ನಿನ ಕನೆಕ್ಟರಿನ ಕಪ್ಪು ವೈರಿಗೆ ಕಪ್ಪು ಪ್ರೋಬ್, ಹಳದಿಗೆ ಕೆಂಪು ಪ್ರೋಬ್ ಹಿಡಿಯಿರಿ. 11.4ರಿಂದ 12.6ರೊಳಗೆ ಇರಬೇಕು. ಕೆಂಪು ವೈರಿನಲ್ಲಿ 4.75ರಿಂದ 5.25. ಯಂತ್ರಕ್ಕೆ ಭಾರದ ಕೆಲಸ ಕೊಟ್ಟಾಗ ನೋಡಿ. ಸುಮ್ಮನೆ ಇರುವಾಗಿನ ಓದಿಗೆ ಬೆಲೆ ಕಡಿಮೆ. ಮಿತಿ ಮೀರಿದರೆ ಎಸ್‌ಎಂಪಿಎಸ್ ಖಂಡಿತ ಹೋಗಿದೆ. ಮಿತಿಯಲ್ಲಿದ್ದರೆ ಸರಿಯಿದೆ ಎಂದು ಮಾತ್ರ ಹೇಳುವಂತಿಲ್ಲ, ಏಕೆಂದರೆ ಸಾವಿರದ ಒಂದು ಭಾಗ ಸೆಕೆಂಡಿನ ಕುಸಿತವನ್ನು ಮೀಟರ್ ಹಿಡಿಯುವುದಿಲ್ಲ. ಹಸಿರು ವೈರನ್ನು ಕಪ್ಪಿಗೆ ತಾಗಿಸಿ ಫ್ಯಾನ್ ತಿರುಗಿಸಿ ತೋರಿಸುವ ಪರೀಕ್ಷೆಯಿಂದಲೂ ಎಸ್‌ಎಂಪಿಎಸ್ ಬದುಕಿದೆಯೆಂದು ಗೊತ್ತಾಗುತ್ತದೆಯೇ ಹೊರತು ಭಾರ ಹೊರುತ್ತದೆಯೆಂದಲ್ಲ. ನಂಬಬಹುದಾದ ಪರೀಕ್ಷೆ ಒಂದೇ: ಸರಿಯಿರುವ ಇನ್ನೊಂದು ಎಸ್‌ಎಂಪಿಎಸ್ಸನ್ನು ನಾಲ್ಕು ದಿನ ಎರವಲು ತಂದು ಹಾಕಿ ನೋಡುವುದು. ಹಳೆಯದನ್ನು ಬಿಚ್ಚಿ ಒಳಗೆ ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಮೀರಿದ ವಿದ್ಯುತ್ ಉಳಿದಿರಬಹುದು. ಹೊರಗಿನಿಂದ ಟಾರ್ಚ್ ಬಿಟ್ಟು ನೋಡಿದರೆ ಸಾಕು. ಹಲ್ಲಿ ಸತ್ತಿದ್ದರೆ, ಇರುವೆ ಗೂಡು ಕಟ್ಟಿದ್ದರೆ ಜಾಲರಿಯಿಂದಲೇ ಕಾಣುತ್ತದೆ.

ಇನ್ನು ಬೆಳಗಿನ ನೀಲಿ ಪರದೆ. ಶೆಖೆಗೆ ಯಂತ್ರ ಕಾದು ನಿಲ್ಲುವುದಾದರೆ ಮಧ್ಯಾಹ್ನ ನಿಲ್ಲಬೇಕಿತ್ತು. ನಿಮ್ಮದು ತಣ್ಣಗಿದ್ದಾಗ ಬೀಳುತ್ತದೆ, ಬಿಸಿಯಾದ ಮೇಲೆ ಸರಿಹೋಗುತ್ತದೆ. ಕಡಲಂಚಿನ ಊರುಗಳಲ್ಲಿ ಇದಕ್ಕೆ ಮೊದಲ ಕಾರಣ ಉಪ್ಪು. ಅಡುಗೆಮನೆಯ ಉಪ್ಪಿನ ಭರಣಿ ಜೂನ್ ಬಂದೊಡನೆ ನೀರೊಡೆಯುತ್ತದಲ್ಲ, ಅದೇ ಕೆಲಸ ಕ್ಯಾಬಿನೆಟ್ಟಿನೊಳಗೂ ನಡೆಯುತ್ತದೆ. ಗಾಳಿಯ ತೇವಾಂಶ ಸುಮಾರು ಶೇ 75 ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ದ್ರವವಾಗುತ್ತದೆ, ಕಾರವಾರದ ಮಳೆಗಾಲದಲ್ಲಿ ಹೆಚ್ಚಿನ ಹೊತ್ತು ತೇವಾಂಶ ಅದಕ್ಕಿಂತ ಮೇಲೆಯೇ. ಫ್ಯಾನ್ ಎಳೆದುಕೊಂಡ ಧೂಳಿನ ಜೊತೆ ಕೂತ ಈ ಉಪ್ಪುನೀರಿನ ಪದರ ವಿದ್ಯುತ್ತನ್ನು ಅಲ್ಪಸ್ವಲ್ಪ ಹಾಯಿಸುತ್ತದೆ, ರ‍್ಯಾಮಿನ ಕಾಲುಗಳಿಗೆ ಕಿಲುಬು ತರುತ್ತದೆ. ರಾತ್ರಿಯಿಡೀ ಆರಿದ್ದ ಯಂತ್ರ ಬೆಳಿಗ್ಗೆ ಒದ್ದೆಯಾಗಿರುತ್ತದೆ. ಅರ್ಧ ಗಂಟೆ ಓಡಿದ ಮೇಲೆ ಒಳಗಿನ ಬಿಸಿಗೆ ಒಣಗುತ್ತದೆ. ಶಿರಸಿಯ ಕಡೆ ಮಳೆ, ತೇವ ಜಾಸ್ತಿಯೇ ಇದ್ದರೂ ಗಾಳಿಯಲ್ಲಿ ಕಡಲ ಉಪ್ಪು ಕಡಿಮೆಯಾದ್ದರಿಂದ ಅಲ್ಲಿ ಈ ಬಗೆಯ ತೊಂದರೆ ಇಷ್ಟು ಬೇಗ ಹಿಡಿಯುವುದಿಲ್ಲ.

ಸ್ವಚ್ಛ ಮಾಡುವುದಕ್ಕೆ ಅರ್ಧ ದಿನ ಇಟ್ಟುಕೊಳ್ಳಿ. ಪ್ಲಗ್ ತೆಗೆದು ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿಡಿ. ಎರಡೂ ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಕಾಲುಗಳನ್ನು ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ರಬ್ಬರಿನಿಂದ ಉಜ್ಜುವ ರೂಢಿ ಎಲ್ಲ ಕಡೆ ಇದೆ. ಕಪ್ಪು ಕಲೆ ಹೋಗದಿದ್ದರೆ ಮೆತ್ತನೆಯ ಬಿಳಿ ರಬ್ಬರಿನಿಂದ ಒಂದೆರಡು ಸಲ ಹಗುರಾಗಿ ಎಳೆಯಬಹುದು, ಆದರೆ ಪ್ರತಿ ತಿಂಗಳು ಉಜ್ಜಿದರೆ ತೆಳುವಾದ ಚಿನ್ನದ ಲೇಪವೇ ಸವೆದು ಹೋಗಿ ಕಿಲುಬು ಇನ್ನೂ ಬೇಗ ಹತ್ತುತ್ತದೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರುತ್ತವೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇಯನ್ನು ಸ್ಲಾಟಿಗೆ ಹೊಡೆಯಲೇಬೇಡಿ. ಮದರ್‌ಬೋರ್ಡಿಗೆ ಬರುವ 24 ಪಿನ್ನಿನ ಮತ್ತು ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ನಿನ ಕನೆಕ್ಟರುಗಳನ್ನು ಕಳಚಿ ಮತ್ತೆ ಗಟ್ಟಿಯಾಗಿ ಕೂರಿಸಿ. ಪಿನ್ನಿನ ಬಳಿ ಪ್ಲಾಸ್ಟಿಕ್ ಕಂದಿದ್ದರೆ ಅಲ್ಲಿ ಸಂಪರ್ಕ ಸಡಿಲವಾಗಿ ಸುಟ್ಟಿದೆ ಎಂದರ್ಥ. ಒಂದು ಗಂಟೆ ಒಣಗಲು ಬಿಡಿ.

ಸ್ವಚ್ಛ ಮಾಡಿದ ಮೇಲೆ ರ‍್ಯಾಮ್ ಪರೀಕ್ಷೆ. ಮೊದಲೇ ಮಾಡಿದರೆ ಕಿಲುಬಿನ ತಪ್ಪನ್ನು ರ‍್ಯಾಮಿನ ತಲೆಗೆ ಕಟ್ಟಿದ ಹಾಗಾಗುತ್ತದೆ. ಮೆಮ್‌ಟೆಸ್ಟ್86 ಅನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಬೂಟ್ ಮಾಡಿ. ಉಚಿತ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ. 16 ಜಿಬಿಗೆ ಹಲವು ಗಂಟೆ ಬೇಕು, ರಾತ್ರಿ ಬಿಟ್ಟು ಹೋಗಿ. ನಿಮ್ಮ ಪ್ರಕರಣದಲ್ಲಿ ಒಂದು ವಿಶೇಷ ಎಚ್ಚರಿಕೆ: ತೊಂದರೆ ತಣ್ಣಗಿದ್ದಾಗ ಬರುವಂಥದ್ದು, ಆದ್ದರಿಂದ ಇನ್ನೊಂದು ದಿನ, ರಾತ್ರಿಯಿಡೀ ಆರಿಸಿಟ್ಟು ಬೆಳಿಗ್ಗೆ ಬಂದು ಮೊದಲ ಆನ್‌ನಲ್ಲೂ ಒಂದು ಸುತ್ತು ಓಡಿಸಿ. ವಿಂಡೋಸಿನ ಸ್ವಂತ ಮೆಮೊರಿ ಪರೀಕ್ಷೆ ಪಾಸಾಯಿತೆಂದು ಸಮಾಧಾನ ಪಡಬೇಡಿ, ಅದರ ಜರಡಿಯ ಕಣ್ಣು ದೊಡ್ಡದು. ಒಂದೇ ಒಂದು ತಪ್ಪು ಬಂದರೂ ಫೇಲ್ ಎಂದೇ ತಿಳಿಯಿರಿ.

ತಪ್ಪು ಬಂದರೆ ಅದು ರ‍್ಯಾಮಿನದೋ ಸ್ಲಾಟಿನದೋ ಬಿಡಿಸಬೇಕು. ಎಚ್410ರಲ್ಲಿ ಎರಡೇ ಸ್ಲಾಟ್ ಇರುವುದರಿಂದ ಕೆಲಸ ಸುಲಭ. ಹಳೆಯ ರ‍್ಯಾಮ್ ಒಂದನೇ ಸ್ಲಾಟಿನಲ್ಲಿ, ಎರಡನೆಯದರಲ್ಲಿ. ಹೊಸದು ಒಂದನೆಯದರಲ್ಲಿ, ಎರಡನೆಯದರಲ್ಲಿ. ನಾಲ್ಕು ರಾತ್ರಿ. ತಪ್ಪು ರ‍್ಯಾಮಿನ ಬೆನ್ನು ಹತ್ತಿ ಹೋದರೆ ರ‍್ಯಾಮ್ ಕೆಟ್ಟಿದೆ. ಬಿಲ್ ಹುಡುಕಿ, ವಾರಂಟಿ ಇನ್ನೂ ಇರಬಹುದು. ಯಾವ ರ‍್ಯಾಮ್ ಹಾಕಿದರೂ ಒಂದೇ ಸ್ಲಾಟಿನಲ್ಲಿ ತಪ್ಪು ಬಂದರೆ ಸ್ಲಾಟ್, ಬೋರ್ಡ್ ಅಥವಾ ಪ್ರೊಸೆಸರ್ ಕೂರುವ ಸಾಕೆಟ್ಟಿನ ಪಿನ್. ಬಿಡಿಬಿಡಿಯಾಗಿ ಎರಡೂ ಪಾಸಾಗಿ ಜೊತೆಯಲ್ಲಿ ಮಾತ್ರ ಫೇಲಾದರೆ ಎರಡು ಕಂಪನಿಯ ರ‍್ಯಾಮ್‌ಗಳಿಗೆ ಹೊಂದಾಣಿಕೆ ಇಲ್ಲ. ಆಗ ಬಯಾಸಿನಲ್ಲಿ (ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್) ರ‍್ಯಾಮ್ ವೇಗವನ್ನು 2666ರಿಂದ 2400ಕ್ಕೆ ಇಳಿಸಿ ನೋಡಿ. ಅರ್ಜಿ ತುಂಬುವ, ಡಿಟಿಪಿ ಮಾಡುವ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಒಂದೇ ಪ್ಯಾಕಿನ ಜೋಡಿ ರ‍್ಯಾಮ್ ಕೊಳ್ಳಿ.

ಡಿಸ್ಕನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಪ್ರೋಗ್ರಾಮಿನಲ್ಲಿ ನೋಡಬಹುದು. ಹಾರ್ಡ್‌ಡಿಸ್ಕಿನಲ್ಲಿ 05, ಸಿ5, ಸಿ6 ಎಂಬ ಸಾಲುಗಳು ಸೊನ್ನೆ ಇರಬೇಕು. ಸಿ7 ಮಾತ್ರ ಏರುತ್ತಿದ್ದರೆ ಡಿಸ್ಕ್ ಅಲ್ಲ, ಸಾಟಾ ಕೇಬಲ್ ಬದಲಿಸಿ. ಬಿಸಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಈ ಪ್ರೊಸೆಸರ್ 100 ಡಿಗ್ರಿ ಮುಟ್ಟಿದರೆ ಮೊದಲು ತನ್ನ ವೇಗ ತಾನೇ ತಗ್ಗಿಸುತ್ತದೆ, ನೀಲಿ ಪರದೆ ತೋರಿಸುವುದಿಲ್ಲ. ಆದರೂ ಕ್ಯಾಬಿನೆಟ್ ಬಿಚ್ಚಿದಾಗ ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಯಾವುದೂ ಎದ್ದಿಲ್ಲ ಎಂದು ನೋಡಿಕೊಳ್ಳಿ.

ಇದು ವಿಂಡೋಸಿನದೇ ತೊಂದರೆಯಿರಬಹುದು ಎಂದು ಇನ್ನೂ ಯಾರಾದರೂ ವಾದಿಸಿದರೆ ಅದಕ್ಕೂ ದಾರಿಯಿದೆ. ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್ ಎರಡರ ಕೇಬಲ್ ಕಳಚಿ, ಉಬುಂಟು (ವಿಂಡೋಸಿನ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ‘ಟ್ರೈ’ ಆಯ್ಕೆಯಲ್ಲಿ ಎರಡು ಬೆಳಗು ಕೆಲಸ ಮಾಡಿ. ಅಲ್ಲಿಯೂ ಹ್ಯಾಂಗ್ ಆದರೆ ವಿಂಡೋಸಿಗೂ ಡಿಸ್ಕಿಗೂ ಸಂಬಂಧವಿಲ್ಲ. ಕೆಟ್ಟ ರ‍್ಯಾಮ್ ಇಟ್ಟುಕೊಂಡು ಫಾರ್ಮ್ಯಾಟ್ ಮಾಡಿದರೆ ಹೊಸ ವಿಂಡೋಸಿನ ಫೈಲುಗಳೇ ತಪ್ಪಾಗಿ ಬರೆದುಕೊಂಡಿರಬಹುದು. ಆದ್ದರಿಂದ ಹಾರ್ಡ್‌ವೇರ್ ಸರಿಯಾದ ಮೇಲೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಎಫ್‌ಸಿ ಸ್ಲ್ಯಾಶ್ ಸ್ಕ್ಯಾನ್‌ನೌ’ (sfc /scannow) ಆಜ್ಞೆ ಓಡಿಸಿ. ಕೆಟ್ಟ ಫೈಲುಗಳನ್ನು ಅದು ಹುಡುಕಿ ಸರಿಪಡಿಸುತ್ತದೆ.

ಇದೇ ತೊಂದರೆ ಇರುವ ಬೇರೆ ಓದುಗರಿಗೆ ಒಂದು ಮಾತು. ನಿಮ್ಮದು ಇಂಟೆಲ್ 13 ಅಥವಾ 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್ ಆಗಿದ್ದರೆ, ಅದರಲ್ಲೂ ಐ7, ಐ9 ಆಗಿದ್ದರೆ, ಮೊದಲು ಬಯಾಸ್ ಅಪ್‌ಡೇಟ್ ಮಾಡಿ. ಅವುಗಳಲ್ಲಿ ಹೆಚ್ಚಿನ ವೋಲ್ಟೇಜಿನಿಂದ ಪ್ರೊಸೆಸರೇ ಹಾಳಾಗುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು ಮೈಕ್ರೊಕೋಡ್ (ಪ್ರೊಸೆಸರಿನ ಒಳಗಿನ ಆಜ್ಞೆಗಳು) ತಿದ್ದುಪಡಿ ಕೊಟ್ಟಿತು, ಬಾಧಿತ ಪ್ರೊಸೆಸರುಗಳ ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಆಗಲೇ ಹಾಳಾದ ಪ್ರೊಸೆಸರ್ ಅಪ್‌ಡೇಟಿನಿಂದ ಸರಿಯಾಗುವುದಿಲ್ಲ, ಬದಲಿ ಕೇಳಬೇಕು. 10ನೇ ತಲೆಮಾರಿನ ನಿಮ್ಮ ಪ್ರೊಸೆಸರಿಗೆ ಇದು ತಾಗುವುದಿಲ್ಲ.

ಮದರ್‌ಬೋರ್ಡಿನ ಸರದಿ ಬರುವುದು ಅರ್ಥಿಂಗ್ ಸರಿಯಾಗಿ, ಬೇರೆ ಎಸ್‌ಎಂಪಿಎಸ್ ಹಾಕಿ, ರ‍್ಯಾಮ್ ನಾಲ್ಕೂ ಬಗೆಯಲ್ಲಿ ಪರೀಕ್ಷೆಯಾಗಿ, ಆ ಮೇಲೂ ಬೀಳುತ್ತಿದ್ದರೆ. ಆಗ ಬೋರ್ಡನ್ನು ಹೊರತೆಗೆಸಿ ಹಿಂಬದಿ ನೋಡಿಸಿ. ಹಸಿರು ಕಿಲುಬಿನ ಚುಕ್ಕೆ, ಜಿರಳೆ ಹಿಕ್ಕೆ, ತಪ್ಪು ಜಾಗದಲ್ಲಿ ಉಳಿದ ಸ್ಕ್ರೂ ಸ್ಟ್ಯಾಂಡ್ ಇವುಗಳಲ್ಲಿ ಯಾವುದಿದ್ದರೂ ತೊಳೆದು ಒಣಗಿಸಿ, ಇಲ್ಲವೇ ಆ ಸ್ಟ್ಯಾಂಡ್ ತೆಗೆದು ನೋಡುವ ಅವಕಾಶ ಇನ್ನೂ ಇದೆ. ಬದಲಿಸಲೇಬೇಕಾದರೆ, ಹೊಸ ಬೋರ್ಡ್ ಬಂದ ದಿನವೇ ಕ್ಯಾಬಿನೆಟ್ಟನ್ನು ನೆಲದಿಂದ ಒಂದೂವರೆ ಅಡಿ ಮೇಲೆ, ಕಡಲ ಕಡೆಯ ಕಿಟಕಿಯಿಂದ ದೂರ ಇಡಿ. ಮಳೆಗಾಲದಲ್ಲಿ ಅಂಗಡಿಗೆ ರಜೆಯಿದ್ದರೂ ದಿನಕ್ಕೊಂದು ಗಂಟೆ ಯಂತ್ರ ಓಡಿಸಿ. ಆರಿಸಿದ ಕೂಡಲೇ ಪ್ಲಾಸ್ಟಿಕ್ ಹೊದಿಕೆ ಹಾಕಬೇಡಿ, ಪೂರ್ತಿ ತಣಿದ ಮೇಲೆ ಬಟ್ಟೆ ಹೊದಿಸಿ.